ಮೂರು ಸಂತೆ ಕಳೀಲಿ ಅನ್ನುವ ಪಾಲಮ್ಮ

ಬೆಳಗಿನ ಐದೂಮುಕ್ಕಾಲು. ಬಿ.ದುರ್ಗದ ಹೊರಗೆ, ಮೆಕ್ಕೆಜೋಳ ಕೊಯ್ದು ಖಾಲಿ ಬಿದ್ದಿರುವ ಹೊಲವೊಂದರಲ್ಲಿ ಕರಿಸಿದ್ದಪ್ಪನವರ ಕುರಿಮಂದೆ ರಾತ್ರಿಯೆಲ್ಲ ತಂಗಿದೆ. ಹೊಲದವರಿಗೆ ಗೊಬ್ಬರವಾಯಿತು, ಕುರಿಗಳಿಗೆ ಹಸಿವಾಯಿತು; ಸುತ್ತ ಕಟ್ಟಿದ ಬಲೆಯೊಳಗೆ ನಿಂತು ಒಂದೇ ಸಮನೆ ಅರಚುತ್ತಿವೆ. ಬಲೆಯ ಆಚೆ ಒಂದು ಹಳೇ ಮೊಪೆಡ್. ಅದರ ಪಕ್ಕ ಕುಕ್ಕರುಗಾಲಲ್ಲಿ ಕುಳಿತಿರುವ ಪಾಲಮ್ಮ ಹಲ್ಲಲ್ಲಿ ಪುಟ್ಟ ಟಾರ್ಚ್ ಕಚ್ಚಿಕೊಂಡಿದ್ದಾರೆ. ಎಡಗೈಯಲ್ಲಿ ಕರಿಸಿದ್ದಪ್ಪನವರ ಫೋನು, ಬಲಗೈಯಲ್ಲಿ ಒಂದು ಜಾಲಿಮುಳ್ಳು. ಕುರಿಯ ಗೊರಸಿನಲ್ಲಿ ಮುರಿದು ಕುಳಿತ ಮುಳ್ಳನ್ನು ಎಷ್ಟು ನಾಜೂಕಾಗಿ ತೆಗೆಯುತ್ತಾರೋ ಅಷ್ಟೇ ನಾಜೂಕಾಗಿ ಅವರು ಫೋನಿನ ಚಾರ್ಜರ್ ತೂತಿನೊಳಗೆ ಮುಳ್ಳಿನ ತುದಿ ಆಡಿಸುತ್ತಾರೆ. ಸ್ವಲ್ಪ ಹೊತ್ತಿಗೆ ಹೆಸರುಕಾಳಿನಷ್ಟು ದಪ್ಪದ ಕರೀ ಉಣ್ಣೆಯ ಉಂಡೆಯೊಂದು ಹೊರಗೆ ಬರುತ್ತದೆ.

“ಹಿಡ್ಕಳ್ರಿ. ಇದೇ ನಿಮ್ಮ ಫೋನಿನ ರೋಗ,” ಎಂದು ಟಾರ್ಚನ್ನು ಬಾಯಿಂದ ತೆಗೆದು, ಆ ಉಂಡೆಯನ್ನು ಯಜಮಾನರ ಅಂಗೈಗೆ ಹಾಕುತ್ತಾರೆ.

“ಬೋರ್ಡು ಹೋಗೈತೆ ಅಂದ್ರಲ್ಲಮ್ಮ ಟೌನಿನಾಗೆ. ರಿಪೇರಿ ಮಾಡ್ಸೋ ಬದ್ಲು ಹೊಸಾದು ತಗಳಾದೇ ವಾಸಿ ಅಂದ್ರು.”

“ಬೋರ್ಡು ಎಲ್ಲೂ ಹೋಗಿಲ್ಲ. ನಿಮ್ಮ ಕಂಬಳಿನೇ ಇದರೊಳಾಕೆ ಬಂದೈತೆ.”

ಚಾರ್ಜರ್ ಚುಚ್ಚಿ, ವಯರನ್ನು ಮೊಪೆಡ್ಡಿನ ಪೆಟ್ಟಿಗೆಯಲ್ಲಿರುವ ಪವರ್ ಬ್ಯಾಂಕಿಗೆ ಸಿಕ್ಕಿಸಿದರೆ ಫೋನು ಕಣ್ಣು ಬಿಡುತ್ತದೆ. ಕರಿಸಿದ್ದಪ್ಪ ಒಮ್ಮೆ ಫೋನಿನ ಕಡೆ, ಒಮ್ಮೆ ಬಲೆಯೊಳಗೆ ಕಿವಿಗೆ ಕೆಂಪು ದಾರ ಕಟ್ಟಿಸಿಕೊಂಡು ನಿಂತ ಒಂದು ಹೆಣ್ಣು ಕುರಿಯ ಕಡೆ ನೋಡುತ್ತಾರೆ. ಇವತ್ತಿನ ಸಂತೆಗೆ ಅದನ್ನು ಹೊಡೆದುಕೊಂಡು ಹೋಗಿ, ಬಂದ ದುಡ್ಡಿಗೆ ಹೊಸ ಫೋನು ತರುವುದೆಂದು ತೀರ್ಮಾನವಾಗಿತ್ತು. ಅವರು ಬಗ್ಗಿ ಕುರಿಯ ಕಿವಿಯ ದಾರ ಬಿಚ್ಚಿ ಜೇಬಿಗೆ ಹಾಕಿಕೊಳ್ಳುತ್ತಾರೆ. ಪಾಲಮ್ಮ ಇಪ್ಪತ್ತು ರೂಪಾಯಿ ಇಸಿದುಕೊಂಡು ಮೊಪೆಡ್ ಒದೆಯುತ್ತಾರೆ.

ಎಂದಿನಂತಾಗಿದ್ದರೆ ಇಂಥ ಬೆಳಗು ಅವರಿಗೆ ಹಬ್ಬ. ಇವತ್ತು ಮಾತ್ರ ಮುಖದಲ್ಲಿ ಕಳೆಯಿಲ್ಲ. ಐದು ವರ್ಷದಿಂದ ಊರವರ ಫೋನು, ಟ್ಯಾಬುಗಳ ಆಯಸ್ಸು ನೋಡಿ ಹೇಳುವ ಪಾಲಮ್ಮನ ಸ್ವಂತ ಟ್ಯಾಬಿನ ಆಯಸ್ಸು ಇವತ್ತು ಮಧ್ಯಾಹ್ನ ಸಂತೆಯಲ್ಲಿ ತೀರ್ಮಾನವಾಗಬೇಕು. ಅದನ್ನು ತೀರ್ಮಾನಿಸುವವರು ಅವರಲ್ಲ, ಬೇರೆಯವರು. ಹೊಸದು ಕೊಳ್ಳಬೇಕು ಎಂದು ತೀರ್ಪಾದರೆ ಮನೆಯ ಒಂಬತ್ತು ಕುರಿಗಳಲ್ಲಿ ಎರಡು ಟಗರು ಹೋಗುತ್ತವೆ. ಟಗರಿನ ಜೊತೆ, ಪಾಲಮ್ಮ ಹಟ್ಟಿಹಟ್ಟಿಗೂ ಹೇಳಿಕೊಂಡು ತಿರುಗಿದ ಒಂದು ಮಾತೂ ಹೋಗುತ್ತದೆ: ಕುರಿ ಮಾರಿ ಫೋನು ತಗಳಬ್ಯಾಡ್ರಿ.

ಪಾಲಮ್ಮನಿಗೆ ಈಗ ನಲವತ್ತಾರು. ತವರು ಹೊಸದುರ್ಗದ ಕಡೆ. ಮದುವೆಯಾಗಿ ಬಂದದ್ದು ಚಿಕ್ಕಜಾಜೂರಿನಿಂದ ನಾಲ್ಕು ಕಿಲೋಮೀಟರು ದೂರದ ಕಾರೇಹಟ್ಟಿಗೆ. ಓದು ಏಳನೇ ಕ್ಲಾಸಿಗೆ ನಿಂತಿತು. ಗಂಡ ಚಿತ್ತಯ್ಯ ಕುರಿ ಮೇಯಿಸುತ್ತಾರೆ, ಎರಡೆಕರೆಯಲ್ಲಿ ರಾಗಿ ಬೆಳೆಯುತ್ತಾರೆ. ಪಾಲಮ್ಮನಿಗೆ ಅಂಗಡಿಯಿಲ್ಲ, ಬೋರ್ಡಿಲ್ಲ, ವಿಸಿಟಿಂಗ್ ಕಾರ್ಡಂತೂ ಇಲ್ಲವೇ ಇಲ್ಲ. ವಾರದ ಆರು ದಿನ ಬೆಳಗ್ಗೆ ಐದರಿಂದ ಎಂಟರವರೆಗೆ ತಾಳ್ಯ, ಬಿ.ದುರ್ಗ ಕಡೆಯ ಐದಾರು ಹಟ್ಟಿ ಸುತ್ತುತ್ತಾರೆ. ಕುರಿ ಮೇಯಲು ಬಿಟ್ಟ ಮೇಲೆ ಕುರಿಯವರು ಸಿಗುವುದಿಲ್ಲವಾದ್ದರಿಂದ ಈ ಹೊತ್ತಿನ ಓಡಾಟ. ಸಂತೆಯ ದಿನ ಮಾತ್ರ, ಬೆಳಗಿನ ಸುತ್ತು ಮುಗಿಸಿ, ಚಿಕ್ಕಜಾಜೂರಿನ ಸ್ಟೇಷನ್ ರಸ್ತೆಯಲ್ಲಿ ರಂಗಕ್ಕನ ಟೀ ಅಂಗಡಿಯ ಪಕ್ಕ ಗೋಣಿತಾಟು ಹಾಸಿ ಕೂರುತ್ತಾರೆ.

ಚೀಲದಲ್ಲಿ ಏನೇನಿದೆ ಎಂದು ಕೇಳಿದರೆ ಸಂಕೋಚವಿಲ್ಲದೆ ಸುರಿದು ತೋರಿಸುತ್ತಾರೆ. ನಾಲ್ಕು ಸಣ್ಣ ಸ್ಕ್ರೂಡ್ರೈವರ್, ಒಂದು ಸವೆದ ಹಲ್ಲುಜ್ಜುವ ಬ್ರಶ್ಶು, ರಬ್ಬರ್ ಬ್ಯಾಂಡ್ ಹಾಕಿದ ಜಾಲಿಮುಳ್ಳಿನ ಕಟ್ಟು, ಸೈಕಲ್ ಟ್ಯೂಬಿನ ತುಂಡುಗಳು. ಮುಳ್ಳೇ ಯಾಕೆ? “ಕಬ್ಬಿಣದ ಸೂಜಿ ಆಡ್ಸಿದ್ರೆ ಒಳಗಿನ ಪಿನ್ನು ಸುಟ್ಟೋಗ್ತವೆ. ಮುಳ್ಳಿಗೆ ಕರೆಂಟು ಹತ್ತಲ್ಲ. ಮುರಿದ್ರೆ ಇನ್ನೊಂದು ಬೇಲಿಯಾಗೆ ಐತೆ.” ಟ್ಯೂಬಿನ ತುಂಡು ಕತ್ತರಿಸಿ ಚಾರ್ಜರ್ ತೂತಿಗೆ ಬಿರಟೆ ಮಾಡಿಕೊಡುತ್ತಾರೆ, ಮತ್ತೆ ಉಣ್ಣೆ ಹೋಗದಿರಲಿ ಎಂದು. ಇವೆಲ್ಲದರ ಜೊತೆ ಇನ್ನೆರಡು ಬಗೆಯ ಸಾಮಾನಿದೆ: ಹನ್ನೊಂದು ಹಳೇ ಬಟನ್ ಫೋನು, ಹನ್ನೊಂದು ತಗಡಿನ ಡಬ್ಬಿ. ಪಾಲಮ್ಮನ ಹೆಸರು ಓಡಾಡುವುದು ಈ ಡಬ್ಬಿಗಳಿಂದ.

ಮೊದಲು ಕಸುಬು ಅಂಟಿಕೊಂಡ ಕಥೆ ಕೇಳಿ. ಏಳು ವರ್ಷದ ಹಿಂದೆ ಪಾಲಮ್ಮ ಚಿಕ್ಕಜಾಜೂರಿನ ರೈಲ್ವೆ ಕ್ವಾರ್ಟರ್ಸಿನ ಮನೆಯೊಂದರಲ್ಲಿ ಪಾತ್ರೆ ತೊಳೆಯುತ್ತಿದ್ದರು. ಆ ಮನೆಯವರಿಗೆ ವರ್ಗವಾಯಿತು. ಸಾಮಾನು ಕಟ್ಟುವಾಗ, ಸ್ಪೀಕರ್ ಕೆಟ್ಟು ಮಾತು ನಿಂತಿದ್ದ ಟ್ಯಾಬೊಂದನ್ನು ಇವರ ಕೈಗಿತ್ತು, ಬೇಕಾದರೆ ಇಟ್ಟುಕೋ, ಇಲ್ಲವಾದರೆ ಬಿಸಾಡು ಎಂದು ಹೋದರು. ಪಾಲಮ್ಮ ಅದರಲ್ಲಿ ಟ್ಯಾಬ್ ಬಿಚ್ಚುವ ವಿಡಿಯೊ ಹುಡುಕಿದರು. ಸದ್ದಿಲ್ಲ, ಬರೀ ಕೈಯಾಟ. ಹನ್ನೆರಡು ದಿನ ಅದನ್ನೇ ತಿರುಗಿಸಿ ತಿರುಗಿಸಿ ನೋಡಿ, ಹದಿಮೂರನೇ ದಿನ ಸ್ಪೀಕರಿನ ಜಾಲರಿಯಲ್ಲಿ ಕೂತಿದ್ದ ಗೋಧಿಹಿಟ್ಟನ್ನು ಮುಳ್ಳಿನಿಂದ ಕೆರೆದರು. ಮೂಕವಾಗಿದ್ದ ಟ್ಯಾಬು ಮಾತಾಡಿತು. “ನಂಗೆ ಕಲಿಸಿದ ಮೇಷ್ಟ್ರನ್ನ ನಾನೇ ಮೊದ್ಲು ರಿಪೇರಿ ಮಾಡಿದ್ದು,” ಎಂದು ಪಾಲಮ್ಮ ನಗುತ್ತಾರೆ. ಅಲ್ಲಿಂದಾಚೆಗೆ ಅದೇ ಅವರ ಪಾಠಶಾಲೆ. ಗೊತ್ತಿಲ್ಲದ ಫೋನು ಬಂದರೆ ಅದರ ಬೆನ್ನು ಹೇಗೆ ಬಿಚ್ಚಬೇಕು, ಬ್ಯಾಟರಿ ಯಾವುದು ಎಂದು ಟ್ಯಾಬಿನಲ್ಲಿ ಹುಡುಕಿಯೇ ಕೈಹಾಕುವುದು.

ಕಸುಬಿಗೆ ಹೆಸರು ಬಂದದ್ದು ಜುಂಜಯ್ಯನಿಂದ. ಜುಂಜಯ್ಯ ಕಾರೇಹಟ್ಟಿಯ ಹಿರಿಯ, ಚಿತ್ತಯ್ಯನಿಗೆ ದೊಡ್ಡಪ್ಪನ ಸಾಲಿನವರು, ಪಾಲಮ್ಮನಿಗೆ ಮಾವ. ಹೇಳಿ ಕೇಳಿ ಎಪ್ಪತ್ತರ ಕುರಿಗಾರ. ಒಂದೂವರೆ ವರ್ಷದಲ್ಲಿ ಮೂರು ಫೋನು ಕೊಂಡಿದ್ದರು. ಕೊಂಡ ಐದಾರು ತಿಂಗಳಿಗೆ ಚಾರ್ಜು ಹತ್ತುವುದಿಲ್ಲ. ಟೌನಿಗೆ ಹೋಗುವುದು, ಅಂಗಡಿಯವರು ಮುಖ ಸಿಂಡರಿಸುವುದು, ಇವರಿಗೆ ಸಿಟ್ಟು ನೆತ್ತಿಗೇರುವುದು, ಒಂದು ಕುರಿ ಮಾರಿ ಇನ್ನೊಂದು ಫೋನು ತರುವುದು. ಐದು ವರ್ಷದ ಹಿಂದೆ ಒಂದು ಬೆಳಗ್ಗೆ ಮೂರನ್ನೂ ಟವೆಲ್ಲಿನಲ್ಲಿ ಸುತ್ತಿ ತಂದು, ಮಕ್ಕಳಿಗೆ ಆಟಕ್ಕಾದರೂ ಆಗುತ್ತವೆ ಎಂದು ಪಾಲಮ್ಮನ ಜಗುಲಿಯ ಮೇಲಿಟ್ಟರು. ಪಾಲಮ್ಮ ಮುಳ್ಳು ಹಿಡಿದು ಕೂತರು. ಹತ್ತು ನಿಮಿಷದಲ್ಲಿ ಮೂರೂ ಫೋನು ಬೆಳಗಿದವು. ಮೂರರ ತೂತಿನಲ್ಲೂ ಇದ್ದದ್ದು ಜುಂಜಯ್ಯನ ಕಂಬಳಿಯ ಉಣ್ಣೆ. ಫೋನನ್ನು ಕಂಬಳಿಯ ಮಡಿಕೆಯಲ್ಲಿ ಸಿಕ್ಕಿಸಿಕೊಂಡು ತಿರುಗುವವರಿಗಲ್ಲದೆ ಬೇರೆ ಯಾರಿಗೂ ಬರದ ರೋಗ ಅದು. ಟೌನಿನ ಅಂಗಡಿಯವರಿಗೆ ತಿಳಿಯದ್ದರಲ್ಲಿ ಆಶ್ಚರ್ಯವಿಲ್ಲ. “ಮೂರು ಕುರಿ ಹೋದ್ವಲ್ಲವ್ವ, ಇಷ್ಟು ಉಣ್ಣೆಗೆ,” ಎಂದು ಜುಂಜಯ್ಯ ಜಗುಲಿಯ ಮೇಲೇ ಕೂತುಬಿಟ್ಟರು. ಅವತ್ತು ಪಾಲಮ್ಮನಿಗೆ ಹೊಟ್ಟೆ ಉರಿಯಿತು. ಯಾರ ಮೇಲೆ ಎಂದು ಕೇಳಿದರೆ ಅವರಿಗೂ ಗೊತ್ತಿಲ್ಲ.

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ ಎಂದು ಹಿರಿಯರು ಸುಮ್ಮನೆ ಕೇಳಲಿಲ್ಲ. ಈ ಫೋನು, ಟ್ಯಾಬು, ಲ್ಯಾಪ್‌ಟಾಪುಗಳ ವಿಷಯದಲ್ಲಿ ಯಾರ ಮೂಗು ಉಳಿದಿದೆ ಹೇಳಿ. ಕೊಂಡು ಎರಡು ವರ್ಷವಾಗುವಷ್ಟರಲ್ಲಿ ಕುಂಟಲು ಶುರು. ಅಪ್‌ಡೇಟ್ ಮಾಡು ಎಂದು ಅದೇ ಬೇಡುತ್ತದೆ, ಮಾಡಿದರೆ ಇನ್ನೂ ನಿಧಾನವಾಗುತ್ತದೆ. ಮೊನ್ನೆಯವರೆಗೆ ತೆರೆಯುತ್ತಿದ್ದ ಬ್ಯಾಂಕಿನ ಆ್ಯಪು ಇವತ್ತು ನಿನ್ನ ಫೋನು ಹಳತಾಯಿತು ಎನ್ನುತ್ತದೆ. ಅಂಗಡಿಯಲ್ಲಿ ಕೇಳಿದರೆ ಇದರ ಕಾಲ ಮುಗಿಯಿತು ಎನ್ನುತ್ತಾರೆ, ಮನೆಯಲ್ಲಿ ಕೇಳಿದರೆ ಇನ್ನೂ ಗುಂಡುಕಲ್ಲಿನ ಹಾಗಿದೆಯಲ್ಲ ಎನ್ನುತ್ತಾರೆ. ಕೊಂಡರೆ ದುಂದು, ಬಿಟ್ಟರೆ ಪರದಾಟ. ಓದಿದವರೇ ಇಲ್ಲಿ ತಲೆ ಕೆರೆದುಕೊಳ್ಳುವಾಗ ಕುರಿ ಕಾಯುವವರು ಯಾರನ್ನು ಕೇಳಬೇಕು?

ಪಾಲಮ್ಮ ಕೇಳಿದ್ದು ಹಟ್ಟಿಯನ್ನೇ. ಕಾರೇಹಟ್ಟಿಯಲ್ಲಿ ಒಂದು ಹಳೇ ರೂಢಿ. ಹೆಣ್ಣು ಕುರಿಗೆ ವಯಸ್ಸಾಯಿತೇ, ಮಾರಬೇಕೇ ಎಂದು ತಿಳಿಯಲು ಬಾಯಿ ತೆರೆಸಿ ಹಲ್ಲು ನೋಡುತ್ತಾರಲ್ಲ, ಆ ಹಲ್ಲನ್ನು ಕುರಿಯ ಒಡೆಯ ನೋಡುವಂತಿಲ್ಲ. ಪಕ್ಕದ ರೊಪ್ಪದವರು, ಅಂದರೆ ಪಕ್ಕದ ಕುರಿದೊಡ್ಡಿಯವರು, ನೋಡಿ ಹೇಳಬೇಕು. ಅದೂ ಒಂದೇ ದಿನಕ್ಕಲ್ಲ, ಮೂರು ಸಂತೆ ಕಳೆಯಬೇಕು. “ಸಿಟ್ಟಿದ್ರೆ ಇರೋ ಹಲ್ಲೂ ಉದುರಿದಂಗೆ ಕಾಣ್ತವೆ. ಪ್ರೀತಿ ಇದ್ರೆ ಉದುರಿದ್ದೂ ಐತೆ ಅನ್ಸುತ್ತೆ. ಅದ್ಕೇ ತನ್ನ ಕುರಿ ಬಾಯಿಗೆ ತಾನು ಕೈ ಹಾಕಬಾರ್ದು,” ಎನ್ನುತ್ತಾರೆ ಪಾಲಮ್ಮ. ಇದನ್ನೇ ಅವರು ಫೋನಿಗೂ ತಂದರು.

ಹೊಸ ಫೋನು ಕೊಳ್ಳಲೇಬೇಕು ಎಂದು ಬಂದವರ ಹಳೆಯದನ್ನು ಇಸಿದುಕೊಂಡು, ಒಂದು ಬಟನ್ ಫೋನು, ಒಂದು ಖಾಲಿ ಡಬ್ಬಿ ಕೊಡುತ್ತಾರೆ. ಮೂರು ಸಂತೆ ಕಳೀಲಿ, ಆಮೇಲೆ ಬರ್ರಿ ಎನ್ನುತ್ತಾರೆ. ಅಷ್ಟು ದಿನದಲ್ಲಿ, ಒಳ್ಳೆಯ ಫೋನಿಲ್ಲದೆ ಒಂದು ಕೆಲಸ ನಿಂತಾಗಲೆಲ್ಲ ಒಂದು ಹುಣಸೆ ಬೀಜ ಡಬ್ಬಿಗೆ ಹಾಕಬೇಕು. “ಸಿಟ್ಟು ಬಂದಾಗ ಹಾಕಬ್ಯಾಡ್ರಿ, ಕೆಲ್ಸ ಕೆಟ್ಟಾಗ ಹಾಕ್ರಿ ಅಂತೀನಿ. ಸಿಟ್ಟಿಗೆಲ್ಲ ಹಾಕಿದ್ರೆ ಹುಣಸೇಮರಾನೇ ಸಾಲಲ್ಲ.” ಈ ನಡುವೆ ಫೋನಿನ ಹೊಟ್ಟೆ ತೊಳೆದು, ತುಂಬಿಕೊಂಡ ಶುಭೋದಯದ ಚಿತ್ರಗಳನ್ನು ಅಳಿಸಿ, ಬೇಕಾದರೆ ಬ್ಯಾಟರಿ ಬದಲಿಸಿ ಇಡುತ್ತಾರೆ. ಮೂರನೇ ಸಂತೆಗೆ ಡಬ್ಬಿ ಬಿಚ್ಚಿ ಎಣಿಕೆ. ಹನ್ನೆರಡು ದಾಟಿದ್ದರೆ ಹೊಸದು ಕೊಳ್ಳಿ, ಒಳಗಿದ್ದರೆ ಹಳೆಯದನ್ನೇ ಹಿಡಿದುಕೊಂಡು ಹೋಗಿ. ಐದು ವರ್ಷದಲ್ಲಿ ಮುನ್ನೂರ ನಲವತ್ತಕ್ಕೂ ಹೆಚ್ಚು ಫೋನು ಹೀಗೆ ಕೂತು ಎದ್ದಿವೆ. ಮೂರರಲ್ಲಿ ಎರಡು ಪಾಲು ಹಳೇ ಯಜಮಾನರ ಜೊತೆಗೇ ಮನೆಗೆ ಹೋಗಿವೆ ಎಂಬುದು ಪಾಲಮ್ಮನ ಅಂದಾಜು.

ಎಲ್ಲರೂ ಪ್ರಾಮಾಣಿಕರೇ ಎಂದೇನಿಲ್ಲ. ಗೂಡ್ಸ್ ಆಟೊ ಓಡಿಸುವ ಓಬಳೇಶ್‌ಗೆ ಒಳ್ಳೆಯ ಕ್ಯಾಮೆರಾದ ಫೋನು ಬೇಕಿತ್ತು. ಮೂರನೇ ಸಂತೆಗೆ ಡಬ್ಬಿ ತಂದ. ಮುಚ್ಚಳ ಕೂರದಷ್ಟು ಬೀಜ. ಪಾಲಮ್ಮ ಒಂದು ಬೀಜ ಎತ್ತಿ ಮೂಸಿದರು. “ಲೇ ಓಬಳೇಶಿ, ಮೂರು ವಾರದ ಬೀಜ ಒಣಗಿರ್ತವೆ ಕಣಪ್ಪ. ಇವು ಎಲ್ಲಾದ್ಕೂ ಹುಳಿ ಅಂಟಿಕಂಡೈತೆ. ಬೆಳಿಗ್ಗೆ ನಿಮ್ಮಮ್ಮ ಸಾರು ಮಾಡಿದ್ಲಾ?” ಓಬಳೇಶ್ ತಲೆ ಕೆರೆದುಕೊಂಡು, ಆದರೂ ಹೋಗಿ ಹೊಸದನ್ನೇ ಕೊಂಡ. ಪಾಲಮ್ಮ ಅದಕ್ಕೂ ಟ್ಯೂಬಿನ ಬಿರಟೆ ಮಾಡಿಕೊಟ್ಟರು. ಹೊಳಲ್ಕೆರೆಯಲ್ಲಿ ಡಿಗ್ರಿ ಓದುವ ನಾಗಶ್ರೀ ಲ್ಯಾಪ್‌ಟಾಪ್ ತಂದಾಗ, ಇದರ ಹಲ್ಲು ನನಗೆ ಗೊತ್ತಿಲ್ಲವ್ವ ಎಂದರೂ ಡಬ್ಬಿ ಮಾತ್ರ ಕೊಟ್ಟು ಕಳಿಸಿದ್ದರು. ಲ್ಯಾಪ್‌ಟಾಪ್ ಅವಳ ಹತ್ತಿರವೇ ಇರಲಿ, ಅದು ಕೈಕೊಟ್ಟಾಗ ಬೀಜ ಹಾಕಲಿ ಎಂದು. ಐದು ಬೀಜ ಬಿದ್ದಿದ್ದವು, ಐದಕ್ಕೆ ಐದೂ ಚಾರ್ಜರಿನ ವಯರ್ ಸಡಿಲವಾದದ್ದಕ್ಕೆ. ಹುಡುಗಿ ಹೊಸ ಲ್ಯಾಪ್‌ಟಾಪಿನ ಮಾತು ಬಿಟ್ಟು ವಯರ್ ಕೊಂಡಳು.

ಹಾಗೆಂದು ಪಾಲಮ್ಮ ಹೊಸದರ ಶತ್ರುವೇನಲ್ಲ. ಆಶಾ ಕಾರ್ಯಕರ್ತೆ ಯಶೋದಾ ಅವರ ಫೋನಿನಲ್ಲಿ ಕೆಲಸದ ಆ್ಯಪು ತೆರೆಯುವುದೇ ನಿಂತಿತ್ತು. ಮೊದಲ ಸಂತೆಗೇ ಹದಿನೇಳು ಬೀಜ ತಂದು ಸುರಿದರು. ಪಾಲಮ್ಮ ಮೂಸಲಿಲ್ಲ. “ಇನ್ನ ಎರಡು ಸಂತೆ ಕಾಯಬ್ಯಾಡ್ರಿ ಮೇಡಂ. ಬಸುರೇರು, ಬಾಣಂತೇರ ಕೆಲ್ಸ ನಿಲ್ಲಬಾರ್ದು. ಇವತ್ತೇ ಹೋಗಿ ತಗಳ್ರಿ,” ಎಂದು ಎಬ್ಬಿಸಿ ಕಳಿಸಿದರು. ಕೊಳ್ಳುವ ಮುಂಚೆ ಅಂಗಡಿಯಲ್ಲಿ ಕೇಳಬೇಕಾದ ಒಂದು ಪ್ರಶ್ನೆಯನ್ನೂ ಕಲಿಸಿದರು: ಈ ಫೋನಿಗೆ ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತೀರಿ? ಟೌನಿನ ಮೊಬೈಲ್ ಅಂಗಡಿಯವರೊಬ್ಬರಿಗೆ ಈಗ ಹಟ್ಟಿಯ ಹೆಂಗಸರು ಬಂದರೆ ಈ ಪ್ರಶ್ನೆಯದೇ ಭಯ. ಹೊಟ್ಟೆ ಮೇಲೆ ಹೊಡೆಯುತ್ತಾಳೆ ಆಯಮ್ಮ ಎಂದು ಅವರು ಗೊಣಗುತ್ತಾರೆ. ಅವರ ಸ್ವಂತ ತಾಯಿಯ ಫೋನು ಎರಡು ವಾರದಿಂದ ಪಾಲಮ್ಮನ ಚೀಲದಲ್ಲಿದೆ. ಅದನ್ನು ಪಾಲಮ್ಮ ಹೇಳಲಿಲ್ಲ, ರಂಗಕ್ಕ ಹೇಳಿದ್ದು.

ಇಂಥ ಪಾಲಮ್ಮನ ಟ್ಯಾಬು ಹೋದ ತಿಂಗಳು ಕೈಕೊಟ್ಟಿತು. ಟ್ಯಾಬು ಕೆಟ್ಟಿಲ್ಲ, ಗಾಜಿನ ಮೂಲೆಯ ಹಳೇ ಬಿರುಕೊಂದು ಬಿಟ್ಟರೆ ಮೈಗೆ ಏನೂ ಆಗಿಲ್ಲ. ಆದರೆ ವಿಡಿಯೊ ತೆರೆದರೆ, ಈ ಸಾಧನಕ್ಕೆ ಇದು ಹೊಂದುವುದಿಲ್ಲ ಎಂಬ ಸಾಲು ಬರುತ್ತದೆ. ಪಾಲಮ್ಮ ಆ್ಯಪು ಅಳಿಸಿ ಮತ್ತೆ ಹಾಕಿದರು, ತೊಳೆದರು, ಬ್ಯಾಟರಿ ಬಿಚ್ಚಿ ಹಾಕಿದರು, ಬೇರೆ ದಾರಿಯಿಂದ ನುಗ್ಗಿಸಿ ನೋಡಿದರು. ಜಗ್ಗಲಿಲ್ಲ. ಚಿತ್ತಯ್ಯನ ಫೋನಿನಲ್ಲಿ ನೋಡೋಣವೆಂದರೆ ಅದೂ ಬಟನ್ ಫೋನು. ಪಾಲಮ್ಮನದೂ ಅದೇ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಅನ್ನಿಸಿಕೊಳ್ಳಬಾರದೆಂದು ಇಷ್ಟು ವರ್ಷ ಅವರು ತಮಗೆಂದು ಬೇರೆ ಫೋನೇ ಕೊಂಡಿರಲಿಲ್ಲ.

ಹಟ್ಟಿಗೆಲ್ಲ ಸುದ್ದಿಯಾಯಿತು. ಈಗ ನೋಡಾಣ ಪಾಲಮ್ಮ ಏನ್ ಮಾಡ್ತಾಳೆ ಎಂದು ಎಲ್ಲರಿಗೂ ಕುತೂಹಲ. ಪಾಲಮ್ಮ ರೂಢಿ ಬಿಡಲಿಲ್ಲ. ಟ್ಯಾಬನ್ನು ಟವೆಲ್ಲಿನಲ್ಲಿ ಸುತ್ತಿ ಜುಂಜಯ್ಯನ ಮನೆಗೆ ಒಯ್ದು, “ನನ್ನ ಕುರಿ ಹಲ್ಲು ನಾನು ನೋಡಂಗಿಲ್ಲ. ನೀವೇ ನೋಡ್ರಿ ಮಾವ,” ಎಂದು ಕೊಟ್ಟು, ಬೀಜ ಹಾಕಲು ತಮ್ಮದೇ ಚೀಲದ ಒಂದು ಡಬ್ಬಿಯನ್ನು ತಮಗೆಂದು ಇಟ್ಟುಕೊಂಡರು. ಅದಾಗಿ ಮೂರು ವಾರ. ಆಗಿನಿಂದ ಸಂತೆ ದಿನ ಜುಂಜಯ್ಯ ತಪ್ಪದೆ ಬಂದು ರಂಗಕ್ಕನ ಅಂಗಡಿಯ ಬೆಂಚಿನ ಮೇಲೆ ಕೂರುತ್ತಾರೆ. ಟೀ ಕುಡಿಯುತ್ತಾರೆ, ರೈಲು ನೋಡುತ್ತಾರೆ, ಎದ್ದು ಹೋಗುತ್ತಾರೆ.

ಇವತ್ತು ಮೂರನೇ ಸಂತೆ. ಮಧ್ಯಾಹ್ನ ಮೂರರ ಹೊತ್ತಿಗೆ ಗಿರಾಕಿಗಳ ಗದ್ದಲ ಇಳಿದಿದೆ. ಜುಂಜಯ್ಯ ಟವೆಲ್ಲು ಬಿಚ್ಚಿ ಟ್ಯಾಬನ್ನು ಬೆಂಚಿನ ಮೇಲಿಟ್ಟು, ಡಬ್ಬಿಗೆ ಕೈ ಚಾಚುತ್ತಾರೆ. ಪಾಲಮ್ಮ ಕೊಡುತ್ತಾರೆ. ಬೆಳಗಿನಿಂದ ಮುಖದಲ್ಲಿದ್ದ ಬಿಗುವು ಈಗ ಸ್ವಲ್ಪ ಸಡಿಲವಾಗಿದೆ, ಡಬ್ಬಿಯೊಳಗೆ ಏನಿದೆಯೆಂದು ಅವರಿಗೆ ಗೊತ್ತು. ಮುದುಕ ಡಬ್ಬಿ ಬೋರಲು ಹಾಕುತ್ತಾರೆ. ಬೀಳುವುದು ಎರಡೇ ಬೀಜ.

“ಎರಡಾ?”

“ಎರಡೇ ಮಾವ. ನಮ್ಮ ಮನೇ ಟಾರ್ಚಿಂದು ಸರ್ಕೀಟು ನೋಡಬೇಕಿತ್ತು, ಅದ್ಕೊಂದು. ಮಗಳಿಗೆ ವಿಡಿಯೊ ಕಾಲ್ ಮಾಡಬೇಕಿತ್ತು, ಅದ್ಕೊಂದು. ಅಷ್ಟೇಯ. ಹನ್ನೆರಡು ದಾಟಲಿಲ್ಲ, ಹೊಸಾದು ಬ್ಯಾಡ. ಕೊಡ್ರಿ.” ಪಾಲಮ್ಮ ಟ್ಯಾಬಿಗೆ ಕೈ ಹಾಕುತ್ತಾರೆ.

“ತಡಿ,” ಎನ್ನುತ್ತಾರೆ ಜುಂಜಯ್ಯ. ಹೆಗಲ ಕಂಬಳಿಯ ಮೂಲೆ ಎಳೆದುಕೊಂಡು, ಅಲ್ಲಿ ಹಾಕಿದ್ದ ಗಂಟನ್ನು ನಿಧಾನಕ್ಕೆ ಬಿಚ್ಚುತ್ತಾರೆ. ಬೆಂಚಿನ ಮೇಲೆ ಹುಣಸೆ ಬೀಜಗಳು ಉರುಳುತ್ತವೆ. ರಂಗಕ್ಕ ಟೀ ಸೋಸುವುದು ಬಿಟ್ಟು ಬಂದು ಎಣಿಸುತ್ತಾರೆ. ಹತ್ತೊಂಬತ್ತು.

“ಇವು ಯಾರವು?” ಪಾಲಮ್ಮನಿಗೆ ಅರ್ಥವಾಗುವುದಿಲ್ಲ.

“ನಿನ್ನವೇ. ನೀನು ಹಾಕಲಿಲ್ಲ, ನಾನು ಹಾಕ್ದೆ. ಮೂರು ಸಂತೆ ನಾನು ಇಲ್ಲಿ ಕುಂತಿದ್ದು ಟೀ ಕುಡಿಯಾಕೆ ಅಂದ್ಕಂಡ್ಯಾ? ಈ ಫೋನು ನಂಗೆ ತಿಳಿಯಲ್ಲ, ಬಿಚ್ಚಾಕೆ ಬರಲ್ಲ, ದುರ್ಗಕ್ಕೆ ಹೋಗ್ರಿ, ದಾವಣಗೆರೆಗೆ ಹೋಗ್ರಿ ಅಂತ ಎಷ್ಟು ಜನಾನ್ನ ನೀನು ವಾಪಸ್ ಕಳಿಸ್ದೆ? ಒಬ್ಬೊಬ್ರಿಗೆ ಒಂದು ಬೀಜ. ನಾನು ಇಲ್ದಾಗ ಬಂದೋರ್ನ ರಂಗಕ್ಕ ಹೇಳಿದ್ಲು.”

“ಅದು ಅವರ ಕೆಲ್ಸ ನಿಂತಿದ್ದು ಮಾವ. ನಂದೇನು ನಿಂತಿಲ್ವಲ್ಲ.”

ಜುಂಜಯ್ಯ ಹತ್ತೊಂಬತ್ತರಲ್ಲಿ ಒಂದು ಬೀಜ ಆರಿಸಿ ಪಾಲಮ್ಮನ ಮುಂದೆ ತಳ್ಳುತ್ತಾರೆ. ಅವರ ದನಿಯಲ್ಲಿ ಸಿಟ್ಟಿಲ್ಲ. “ಇದು ಪಕ್ಕದ ಹಟ್ಟಿ ಸಿದ್ದಕ್ಕಂದು. ಹೋದ ಸಂತೆಗೆ ಬಂದ್ಲು, ಫೋನಿನ ಬ್ಯಾಟ್ರಿ ಉಬ್ಬೈತೆ ಅಂತ. ಅದರ ಬೆನ್ನು ಬಿಚ್ಚಾದು ಹೆಂಗೆ ಅಂತ ನೋಡಾಕೆ ನಿನ್ನತ್ರ ಟ್ಯಾಬು ಇರಲಿಲ್ಲ. ನೀನು ದುರ್ಗಕ್ಕೆ ಹೋಗು ಅಂದೆ. ಹೋದ್ಲು. ಅಲ್ಲಿ ಹೊಸಾದು ತಗ ಅಂದ್ರು, ತಗಂಡ್ಲು. ಯಾವ ದುಡ್ಡಿನಾಗೆ ತಗಂಡ್ಲು ಕೇಳಿದ್ಯಾ? ಮೂರು ತಿಂಗಳ ಹೆಣ್ಣು ಮರಿ ಎರಡು ಹೊಡಕಂಡು ಹೋಗಿ ಮಾರಿದ್ಲು ಸಂತೆಯಾಗೆ.” ಬೀಜವನ್ನು ಇನ್ನಷ್ಟು ಮುಂದೆ ತಳ್ಳಿ, “ನಿನ್ನ ಟಗರು ಉಳದ್ವು. ಅವಳ ಮರಿ ಹೋದ್ವು,” ಎನ್ನುತ್ತಾರೆ.

ಪಾಲಮ್ಮ ಆ ಒಂದು ಬೀಜವನ್ನು ನೋಡುತ್ತಾ ಕೂರುತ್ತಾರೆ. ಕಣ್ಣು ತುಂಬುತ್ತದೆ, ಒರೆಸಿಕೊಳ್ಳುವುದಿಲ್ಲ. ಕುರಿ ಮಾರಿ ಫೋನು ತಗಳಬ್ಯಾಡ್ರಿ ಎಂದು ಐದು ವರ್ಷ ಹೇಳಿದ ಮಾತನ್ನು ಉಳಿಸಿಕೊಳ್ಳಲು ಹೋಗಿ, ಆ ಮಾತು ಯಾರಿಗಾಗಿ ಹುಟ್ಟಿತ್ತೋ ಅವರನ್ನೇ ಸಂತೆಗೆ ಅಟ್ಟಿದಂತಾಯಿತು. ಚಾರ್ಜರ್ ತೂತಿನ ಉಣ್ಣೆ ಕಾಣುವ ಕಣ್ಣಿಗೆ ಇದು ಕಾಣಲಿಲ್ಲ. ತನ್ನ ಕುರಿಯ ಹಲ್ಲನ್ನು ತಾನು ನೋಡಬಾರದು ಎಂದು ಹಿರಿಯರು ಹೇಳಿದ್ದು ಇದಕ್ಕೇ ಇರಬೇಕು.

“ಕಮ್ಮಿ ಹಾಕಿದ್ದು ತಪ್ಪಾತು ಮಾವ,” ಎನ್ನುತ್ತಾರೆ ಕೊನೆಗೆ.

“ಜಾಸ್ತಿ ಹಾಕಿ ಸುಳ್ಳು ಹೇಳಿದೋರ್ನ ನೀನು ನೂರು ಜನಾನ್ನ ಹಿಡಿದೀಯ,” ಎಂದು ಜುಂಜಯ್ಯ ಮೊದಲ ಸಲ ನಗುತ್ತಾರೆ. “ಕಮ್ಮಿ ಹಾಕಿ ಸುಳ್ಳು ಹೇಳಿದಾಕೀನ ನಾನು ಒಬ್ಳನ್ನೇ ಹಿಡಿದಿರಾದು. ಟಗರು ಸಾಕಾದೇ ಮಾರಾಕೆ ಕಣವ್ವ. ಗಬ್ಬದ ಕುರಿ ಮಾರಬ್ಯಾಡ ಅಂದಿದ್ದು ನಾವು, ಟಗರು ಮಾರಬ್ಯಾಡ ಅಂದಿದ್ಯಾರು? ಬರೋ ಸಂತೆಗೆ ಹೊಡಕಂಡು ಹೋಗಾಣ. ನಾನೂ ಬತ್ತೀನಿ.”

ರಂಗಕ್ಕ ಮೂರು ಲೋಟ ಟೀ ತಂದಿಡುತ್ತಾರೆ. ಮೂವರೂ ಕುಡಿಯುತ್ತಾರೆ. ಆಚೆ ಸ್ಟೇಷನ್ನಿನಲ್ಲಿ ಗೂಡ್ಸ್ ರೈಲೊಂದು ನಿಂತು ನಿಂತು ಸಾಗುತ್ತದೆ.

ಹಳೇ ಟ್ಯಾಬಿನ ಗತಿಯೇನು? ಹೊಸದು ಕೊಳ್ಳುವಾಗ ಅಂಗಡಿಗೆ ಕೊಟ್ಟರೆ ಬೆಲೆಯಲ್ಲಿ ನಾನೂರೋ ಐನೂರೋ ಕಡಿಮೆ ಮಾಡುತ್ತಾರಂತೆ. ಪಾಲಮ್ಮ ಆ ಮಾತನ್ನೇ ಆಡಗೊಡುವುದಿಲ್ಲ. ವಿಡಿಯೊ ತೆರೆಯದಿದ್ದರೇನು, ಬರೆಯಲು, ಲೆಕ್ಕ ಹಾಕಲು, ಫೋಟೊ ನೋಡಲು ಅದು ಗಟ್ಟಿಯಾಗಿದೆ. ಹನ್ನೊಂದು ಬಟನ್ ಫೋನಿನ ಜೊತೆ ಹನ್ನೆರಡನೆಯದಾಗಿ ಅದೂ ಚೀಲ ಸೇರುತ್ತದೆ. ಇನ್ನು ಮುಂದೆ ಯಾರದಾದರೂ ಟ್ಯಾಬು ಕೈಕೊಟ್ಟರೆ ಮೂರು ಸಂತೆಗೆ ಇದನ್ನು ಒಯ್ಯಬಹುದು. ತೂತಿಗೆ ಟ್ಯೂಬಿನ ಬಿರಟೆ ಆಗಲೇ ಇದೆ.

ಗೋಣಿತಾಟು ಮಡಚುವ ಹೊತ್ತಿಗೆ ಪಾಲಮ್ಮನ ಮಾತು ಮರಳಿದೆ. ಆಸೆ ಏನಾದರೂ ಇದೆಯೇ ಎಂದು ಕೇಳಿದರೆ, ನಾಳೆ ಬೆಳಗ್ಗೆ ಮೊದಲು ಸಿದ್ದಕ್ಕನ ಮನೆಗೆ ಹೋಗಬೇಕು, ಅಷ್ಟೇ ಎನ್ನುತ್ತಾರೆ. “ಅವಳ ಹಳೇ ಫೋನು ಇನ್ನ ಬಿಸಾಕಿಲ್ವಂತೆ. ಉಬ್ಬಿರೋ ಬ್ಯಾಟ್ರಿ ಮಕ್ಕಳ ಕೈಗೆ ಸಿಗಬಾರ್ದು, ತಗಂಡು ಬತ್ತೀನಿ. ಹೊಸಾ ಟ್ಯಾಬು ಬಂದ ಮ್ಯಾಲೆ ಮೊದ್ಲು ಬಿಚ್ಚಾದು ಅದನ್ನೇ. ಹೋದ ಮರಿ ತಂದುಕೊಡಾಕೆ ನನ್ನ ಕೈಲಿ ಆಗಲ್ಲ. ಫೋನಾದ್ರೂ ಎರಡಾಗ್ಲಿ, ಒಂದು ಅವಳ ಮಗಳಿಗಾತು.”

ಬೆಂಚಿನ ಮೇಲಿನ ಬೀಜಗಳನ್ನು ಡಬ್ಬಿಗೆ ತುಂಬಲು ರಂಗಕ್ಕ ಕೈ ಹಾಕಿದರೆ ಪಾಲಮ್ಮ ತಡೆಯುತ್ತಾರೆ. ಹತ್ತೊಂಬತ್ತನ್ನೂ ಒಂದೊಂದಾಗಿ ಎತ್ತಿ ಸೆರಗಿನ ತುದಿಗೆ ಹಾಕಿ ಬಿಗಿಯಾಗಿ ಗಂಟು ಕಟ್ಟುತ್ತಾರೆ.

“ಇವು ಡಬ್ಬಿಗೆ ಬ್ಯಾಡ ರಂಗಕ್ಕ, ನಂಗಿರ್ಲಿ. ನನ್ನ ಕೈ ನಿಂತ್ರೆ ಕೆಲ್ಸ ನಿಲ್ಲೋರು ಹತ್ತೊಂಬತ್ತು ಜನ ಅವ್ರೆ ಅಂತ ನಂಗೆ ಇವತ್ತಿನವರ್ಗೂ ಗೊತ್ತಿರಲಿಲ್ಲ.”